ನೈಟ್ರೋಜನ್‌ಗೆ ದಾರಿ ಬಿಡದ ಬಿಲ್ಲೆ

ನಾನು ಒಂದು ಬಿಲ್ಲೆ. ಬಣ್ಣ ಕಪ್ಪು, ಗಾತ್ರ ಅಂಗಿಯ ದೊಡ್ಡ ಗುಂಡಿಯಷ್ಟು. ಬೇರಿಯಂ, ಸ್ಟ್ರಾನ್ಷಿಯಂ, ಕೋಬಾಲ್ಟ್, ಕಬ್ಬಿಣ ಸೇರಿದ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿ ಸುಟ್ಟು ನನ್ನನ್ನು ಮಾಡಿದರು. ಮಾಡಿದವಳು ಧಾರವಾಡದ ಒಂದು ಪ್ರಯೋಗಾಲಯದ ಸಂಶೋಧನಾ ವಿದ್ಯಾರ್ಥಿನಿ, ಶಾಲ್ಮಲಾ ಕುಂದರಗಿ.

ಗಾಳಿಯಿಂದ ಆಕ್ಸಿಜನ್ ಬೇರ್ಪಡಿಸುವುದು ನನ್ನ ಕೆಲಸ. ನನ್ನಲ್ಲಿ ಜರಡಿಯಂತೆ ತೂತುಗಳಿಲ್ಲ, ಇರಲೂ ಬಾರದು. ಕೆಂಪಗೆ ಕಾದಾಗ ಆಕ್ಸಿಜನ್ ಮಾತ್ರ ನನ್ನ ಹರಳುಗಳೊಳಗಿನ ಖಾಲಿ ಜಾಗಗಳನ್ನು ಹಿಡಿದು ಆಚೆ ಬದಿಗೆ ದಾಟುತ್ತದೆ. ನೈಟ್ರೋಜನ್ ಈಚೆಗೇ ಉಳಿಯುತ್ತದೆ.

ನಮ್ಮ ಕುಲಕ್ಕೆ ಒಂದು ಶತ್ರುವಿದೆ, ಇಂಗಾಲದ ಡೈಆಕ್ಸೈಡ್. ಅದು ಬೇರಿಯಂ ಜೊತೆ ಸೇರಿ ಕಾರ್ಬೊನೇಟ್ ಪದರ ಕಟ್ಟುತ್ತದೆ. ಆಕ್ಸಿಜನ್ನಿನ ದಾರಿ ಮುಚ್ಚುತ್ತದೆ, ಕೊನೆಗೆ ಮೈ ಬಿರಿಯುತ್ತದೆ. ನನಗಿಂತ ಹಿಂದಿನ ಬಿಲ್ಲೆಗಳು ಹಾಗೇ ಹೋದವು. ಅದಕ್ಕೇ ಶಾಲ್ಮಲಾ ನನ್ನ ಪುಡಿಗೆ ಚೂರು ಜಿರ್ಕೋನಿಯಂ ಬೆರೆಸಿದ್ದಳು. ಅದು ನನ್ನನ್ನು ಉಳಿಸುತ್ತದೆ ಎಂಬುದೇ ಅವಳ ಪ್ರಬಂಧದ ವಾದ. ನಾನು ಬಿರಿದರೆ ಅವಳ ವರ್ಷಗಳ ದುಡಿಮೆಯೂ ಹೋದಂತೆ.

ಗಾಜಿನ ಪುಡಿ ಕರಗಿಸಿ ನನ್ನನ್ನು ಒಂದು ಕೊಳವೆಯ ಬಾಯಿಗೆ ಅಂಟಿಸಿ, ಕುಲುಮೆಯಲ್ಲಿಟ್ಟರು. ಒಂದು ಬದಿಗೆ ಗಾಳಿ, ಇನ್ನೊಂದು ಬದಿಗೆ ಶತ್ರು. ದಾಟುವ ಆಕ್ಸಿಜನ್ನಿನ ಪ್ರಮಾಣ ಮೊದಲು ತುಸು ಇಳಿದು, ಅಲ್ಲೇ ಸ್ಥಿರವಾಯಿತು. ಅವಳ ಪ್ರಬಂಧದ ಪರಿಶೀಲನಾ ಸಮಿತಿ ಬರುವ ಹಿಂದಿನ ದಿನ ಇದ್ದಕ್ಕಿದ್ದಂತೆ ಏರತೊಡಗಿತು.

ಮಾರ್ಗದರ್ಶಕರಾದ ಹೊಸಕೇರಿ ಸರ್ ಕುಣಿಯುವುದೊಂದು ಬಾಕಿ. "ನೋಡವಾ ಶಾಲ್ಮಲಾ, ಹೆಂಗ ಏರ್ಲಿಕ್ಕತ್ತದ! ನಾಳೆ ಸಮಿತಿಯವ್ರು ಬಾಯಿ ತೆಗೀಲಿ ನೋಡೋಣ."

"ಏರಬಾರದ್ರಿ ಸರ್. ನೈಟ್ರೋಜನ್ ನೋಡ್ರಿ, ಅದೂ ಏರ್ಲಿಕ್ಕತ್ತದ."

ಸರ್ ಅಂಕಿ ನೋಡಲು ಬಗ್ಗಿದರು. ನಾನು ತಡೆಯುವ ನೈಟ್ರೋಜನ್ ಆಚೆ ಬಂತೆಂದರೆ, ಎಲ್ಲೋ ಗಾಳಿ ಸೋರುತ್ತಿತ್ತು. ನನ್ನ ಮೈಯಲ್ಲೋ, ಗಾಜಿನ ಅಂಟಿನಲ್ಲೋ? ಕುಲುಮೆಯೊಳಗಿದ್ದ ನನಗೂ ತಿಳಿಯದು.

"ಈಗಿಂದೀಗ ಕುಲುಮಿ ಆರಿಸಿ ಹೊರಗ ತಗೀ. ನಾಳೆ ಅವ್ರಿಗೆ ಏನರ ತೋರಿಸ್ಬೇಕಲ್ಲ?"

"ಗಡಿಬಿಡಿಲೆ ಆರಿಸಿದ್ರ ಇಲ್ಲದ ಬಿರುಕೂ ಬೀಳ್ತದ್ರಿ. ಆಮ್ಯಾಲೆ ಯಾವುದು ಮೊದಲಿಂದು, ಯಾವುದು ನಾವು ಮಾಡಿದ್ದು ಅಂತ ಯಾರು ಹೇಳೋರು?"

"ಹಂಗಾರ ಸಮಿತಿಗೆ ಏನ್ ಹೇಳ್ತಿ?"

"ಸೋರ್ಲಿಕ್ಕತ್ತದ ಅಂತ ಹೇಳ್ತೀನ್ರಿ."

"ನನ್ನ ಮುಂದ ಹೇಳಿದಷ್ಟು ಹಗುರಲ್ಲವಾ ಅದು" ಎಂದರು ಸರ್. ಆದರೆ ಸ್ವಿಚ್ಚಿನ ಕಡೆ ಚಾಚಿದ ಕೈ ಹಿಂದೆ ತೆಗೆದುಕೊಂಡರು.

ಮರುದಿನ ಅವಳು ಹಾಗೇ ಹೇಳಿದಳು. "ಮತ್ತ ನಮ್ಮನ್ನ ಯಾಕ ಕರೆಸೀರಿ?" ಎಂದು ಸಮಿತಿಯ ಹಿರಿಯರೊಬ್ಬರು ಕೇಳಿದರು. ಸಮಿತಿ ತೀರ್ಮಾನ ಮುಂದೂಡಿ ಹೊರಟಿತು. ನಾನು ಇನ್ನೂ ನಿಧಾನಕ್ಕೆ ಆರುತ್ತಿದ್ದೆ.

ಹೊರತೆಗೆದ ಮೇಲೆ ಶಾಲ್ಮಲಾ ನನಗೂ ಗಾಜಿನ ಅಂಟಿಗೂ ಕೆಂಪು ಬಣ್ಣ ಸವರಿ ಒರೆಸಿದಳು. ಬಿರುಕಿದ್ದಲ್ಲಿ ಬಣ್ಣ ಉಳಿದುಕೊಳ್ಳುತ್ತದೆ. ಅವಳ ಉಸಿರು ನನಗೆ ತಾಗುವಷ್ಟು ಬಗ್ಗಿ ನೋಡಿದಳು. ಕೆಂಪು ಗೆರೆ ಗಾಜಿನ ಅಂಚಿನಲ್ಲಿತ್ತು. ನನ್ನ ಮೇಲೆ ಒಂದೂ ಇರಲಿಲ್ಲ.

"ಹೊರಗಂತೂ ಇಲ್ಲ. ಒಳಗ?" ಎಂದರು ಸರ್.

ಅದನ್ನು ತಿಳಿಯಲು ವಜ್ರದ ಅಲಗಿನ ಗರಗಸದಿಂದ ನನ್ನನ್ನು ಎರಡು ಹೋಳು ಮಾಡಿದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಳಗೆಲ್ಲ ಗಟ್ಟಿಯಾಗಿದ್ದೆ. ಆದರೆ ಮೇಲ್ಮೈಯಲ್ಲಿ ಕಾರ್ಬೊನೇಟಿನ ತೆಳು ಪದರವಿತ್ತು.

"ಹಾನಿ ನಿಂತಿತು ಅಂತ ಬರೀ" ಎಂದರು ಸರ್.

"ನಿಂತಿಲ್ಲರಿ. ನಿಧಾನ ಆಗೇದ" ಎಂದಳು. ಹಾಗೇ ಬರೆದಳು.

ಈಗ ನನ್ನ ಒಂದು ಹೋಳು ಪ್ಲಾಸ್ಟಿಕ್ ಡಬ್ಬಿಯಲ್ಲಿದೆ, ಇನ್ನೊಂದು ಯಾವ ಕಪಾಟಿನಲ್ಲಿದೆಯೋ ತಿಳಿಯದು. ನಾನು ಒಡೆದಿಲ್ಲ ಎಂದು ತಿಳಿಯಲು ನನ್ನನ್ನು ಒಡೆಯಲೇಬೇಕಾಯಿತು. ಅದಕ್ಕೆ ನನ್ನ ದೂರಿಲ್ಲ. ಆಕ್ಸಿಜನ್ ಇನ್ನೆಂದೂ ನನ್ನನ್ನು ದಾಟುವುದಿಲ್ಲ. ಆದರೆ ಆ 'ನಿಧಾನ' ಎಂಬ ಸಣ್ಣ ಮಾತನ್ನು ಅವಳು ನನ್ನ ಮೈ ನೋಡಿಯೇ ಬರೆದಳು.