ಅಂಚು ಒಡೆದ ರೊಟ್ಟಿ

ಸುನಂದಾಳ ಬಲಗೈ ಹೆಬ್ಬೆರಳಿನ ಬುಡದಲ್ಲಿ ಮಾಂಸ ತಾನಾಗಿಯೇ ಮಿಡಿಯತೊಡಗಿ ಮೂರು ವಾರವಾಗಿತ್ತು. ಒಳಗೆ ಸಿಕ್ಕಿಹಾಕಿಕೊಂಡ ಇರುವೆಯೊಂದು ಹೊರಬರುವ ದಾರಿ ಹುಡುಕುತ್ತಿದ್ದಂತೆ. ಕಲಬುರಗಿಯ ರೋಜಾ ಬಡಾವಣೆಯ ರಸ್ತೆಯಲ್ಲಿ ಅವಳದೊಂದು ರೊಟ್ಟಿ ಕೇಂದ್ರ. ದಿನಕ್ಕೆ ಇನ್ನೂರು ಜೋಳದ ರೊಟ್ಟಿ ಬಡಿಯುವ ಕೈ ಅದು. ಕೈ ಹೋದರೆ ಕೇಂದ್ರವೂ ಹೋದಂತೆಯೇ.

ರವಿವಾರ ಹಾಸ್ಟೆಲಿನಿಂದ ಊಟಕ್ಕೆ ಬಂದ ತಮ್ಮ ವಿವೇಕಾನಂದ ಮೊಬೈಲಿನಲ್ಲಿ ಹುಡುಕಿದ.

"ಯಕ್ಕಾ, ನರದ ರೋಗ ಒಂದದ. ಮೊದಲ ಹಿಂಗೇ ಮಿಡೀತದ. ಆಮ್ಯಾಲ ಕೈ ಸೋಲ್ತದ. ಆಮ್ಯಾಲ..."

"ಆಮ್ಯಾಲ?"

"ಪಲ್ಯ ಚಲೋ ಆಗ್ಯಾದ," ಎಂದು ಅವನು ಮೊಬೈಲನ್ನು ಕಿಸೆಗೆ ಹಾಕಿಕೊಂಡ.

ನರರೋಗದ ಡಾಕ್ಟರು ಸುತ್ತಿಗೆಯಿಂದ ಅವಳ ಮೊಣಕಾಲು ಬಡಿದರು. ತಮ್ಮ ಎರಡು ಬೆರಳು ಕೊಟ್ಟು ಹಿಂಡು ಎಂದರು. ಅವಳು ಹಿಂಡಿದ ಮೇಲೆ ಕೈ ಕೊಡವಿಕೊಂಡರು.

"ಶಕ್ತಿ ಏನೂ ಕಮ್ಮಿ ಆಗಿಲ್ಲವ್ವ. ದಿನಕ್ಕ ಎಷ್ಟು ಸಲ ಚಾ?"

"ಎಂಟು ಸಲ ರೀ."

"ಎರಡಕ್ಕ ಇಳಸು. ನಿದ್ದಿ ಮಾಡು. ಬರೇ ಮಿಡಿಯೋದಕ್ಕ ಅಂಜಬ್ಯಾಡ. ಕೈ ಸೋತಂಗ ಆದ್ರ ಮಾತ್ರ ಬಾ."

ಡಾಕ್ಟರು ಹೇಳಿದ್ದರಲ್ಲಿ ಕೊನೆಯ ಮಾತೊಂದನ್ನೇ ಅವಳು ಮನೆಗೆ ಹೊತ್ತು ತಂದಳು. ಮರುದಿನ ಹೊಸ ಚೀಲದ ಹಿಟ್ಟು ನಾದಿ ಬಡಿಯಲು ಕೂತರೆ ರೊಟ್ಟಿಯ ಅಂಚು ಒಡೆಯಿತು. ಎರಡನೆಯದೂ ಒಡೆಯಿತು. ಮೂರನೆಯದು ಎತ್ತುವಾಗಲೇ ಹರಿಯಿತು. ಬೇರೆಯವರ ರೊಟ್ಟಿ ಒಡೆದಿದ್ದರೆ ಅವಳು ಮೊದಲು ಹಿಟ್ಟನ್ನು ಬೈಯುತ್ತಿದ್ದಳು. ತನ್ನದು ಒಡೆದಾಗ ಕೈ ನೋಡಿಕೊಂಡಳು. ಕೈ ಸೋತೇ ಬಿಟ್ಟಿತು ಎಂದುಕೊಂಡಳು. ಅದನ್ನು ಡಾಕ್ಟರ ಬಾಯಲ್ಲಿ ಕೇಳುವ ಧೈರ್ಯವಿರಲಿಲ್ಲ. ಬರಿಗೈಯಲ್ಲಿ ಹೋಗಬಾರದೆಂದು ಅದೇ ಚೀಲದ ಎರಡು ಸೇರು ಹಿಟ್ಟು ಕಟ್ಟಿಕೊಂಡು ಕಮಲಾಪುರದ ಬಸ್ಸು ಹತ್ತಿದಳು.

ಅಲ್ಲಿ ಅವಳ ಚಿಕ್ಕಮ್ಮ ಜಯದೇವಿ ಇದ್ದಳು. 'ಸುನಂದಾಗ ರೊಟ್ಟಿ ಬಡಿಯೋದು ಕಲಿಸಿದಾಕಿ ನಾನೇ' ಎಂದು ಹದಿನೈದು ವರ್ಷದಿಂದ ಊರಿಗೆಲ್ಲ ಹೇಳುತ್ತ ಬಂದವಳು.

"ಚಿಗವ್ವ, ಇನ್ನ ಕೇಂದ್ರ ನೀನೇ ನಡಸು. ನನ್ನ ಕೈ ಹೊಂಟದ."

ಜಯದೇವಿ ಎಲ್ಲ ಕೇಳಿದಳು. ಸೆರಗಿನಿಂದ ಒಂದು ಕಣ್ಣು ಒರೆಸಿಕೊಂಡಳು. ಇನ್ನೊಂದು ಒಣಗಿಯೇ ಇತ್ತು.

"ಅಯ್ಯ ನನ್ನ ಬಂಗಾರ, ಎಂಥಾ ಕಾಲ ಬಂತವ್ವ! ಬೋರ್ಡಿನ ಮ್ಯಾಲ ನನ್ನ ಹೆಸರು ಕೆಂಪು ಬಣ್ಣದಾಗ ಬರಸೋಣು. ಮೊದಲ ಒಂದು ಬಡಿ, ನೋಡ್ತೀನಿ."

ಸುನಂದಾ ತಂದ ಹಿಟ್ಟನ್ನೇ ನಾದಿ ಬಡಿದಳು. ಅಂಚು ಒಡೆಯಿತು.

"ಹೋಗ್ಯಾದ ನೋಡು ಕೈ. ಸರಿ ಆ ಕಡಿ. ರೊಟ್ಟಿ ಅಂದ್ರ ಏನಂತ ತೋರಸ್ತೀನಿ."

ಜಯದೇವಿ ಬಳೆ ಹಿಂದೆ ಸರಿಸಿ ಬಡಿದಳು. ಒಡೆಯಿತು. ಮುದ್ದೆ ಮಾಡಿ ಮತ್ತೆ ಬಡಿದಳು. ಇನ್ನೂ ಕೆಟ್ಟದಾಗಿ ಒಡೆಯಿತು. ತನ್ನ ಅಂಗೈಯನ್ನು ಒಮ್ಮೆ ನೋಡಿಕೊಂಡು ಸೆರಗಿನೊಳಗೆ ಮುಚ್ಚಿದಳು.

ಬಾಗಿಲಲ್ಲಿ ಕೂತು ಕೆಂಪು ಬಾಳೆಹಣ್ಣು ಸುಲಿಯುತ್ತಿದ್ದ ಅವಳ ಗಂಡ ಜಗದೇವಪ್ಪ, "ನಿನಗೂ ಅದೇ ರೋಗ ಅಂಟ್ಯದೇನ?" ಎಂದ.

"ನಿಮ್ಮ ಬಾಯಾಗ ಮಣ್ಣು ಬೀಳ್ಲಿ!"

ಅವಳು ಚಿಟಿಕೆ ಒಣಹಿಟ್ಟನ್ನು ನಾಲಿಗೆಗಿಟ್ಟು ಥೂ ಎಂದು ಉಗಿದಳು.

"ಹಳೇ ಜೋಳ! ಇದರಾಗ ಜಿಗೀನೇ ಇಲ್ಲ. ಏ ಹುಚ್ಚಿ, ಹಿಟ್ಟಿಗಿ ರೋಗ ಬಂದ್ರ ನೀ ಯಾಕ ದವಾಖಾನಿಗಿ ಹೋಗ್ತಿ?"

ಜಿಗಿ ಬರಲೆಂದು ಉಳಿದ ಹಿಟ್ಟಿಗೆ ಕುದಿಯುವ ನೀರು ಸುರಿದು ಅವಳೇ ನಾದಿಕೊಟ್ಟಳು. ಸುನಂದಾ ಬಡಿದಳು. ಹಂಚಿನಷ್ಟಗಲ ಆಯಿತು, ಒಂದೂ ಸೀಳಿಲ್ಲ. ಎರಡು ಏಟಿನ ನಡುವೆ ಹೆಬ್ಬೆರಳಿನ ಬುಡ ಮಿಡಿಯುತ್ತಲೇ ಇತ್ತು. ಮಿಡಿದುಕೊಳ್ಳಲಿ ಎಂದು ಬಿಟ್ಟಳು.

ಹಂಚಿನ ಮೇಲೆ ಉಬ್ಬಿದ ರೊಟ್ಟಿಯನ್ನು ಜಯದೇವಿ ತಿರುವಿ ಹಾಕಿದಳು.

"ಹಂಗಾರ ಕೇಂದ್ರ? ಮಾತು ಕೊಟ್ಟೀದಿ."

"ಕೊಟ್ಟಾಕಿ ಯಾವಾಕಿನೋ ರೋಗಿ, ಚಿಗವ್ವ. ಆಕಿ ಈಗಷ್ಟೇ ಸತ್ತಳು."

"ಹಂಗಾರ ಆಕಿ ತಿಥಿ ಊಟ ಮಾಡೇ ಬಿಡ್ತೀನಿ," ಎಂದು ಜಯದೇವಿ ಆ ರೊಟ್ಟಿಯನ್ನು ಎತ್ತಿಕೊಂಡು, ಯಾರಿಗೂ ಮುರಿದುಕೊಡದೆ, ಪೂರ್ತಿ ತಿಂದಳು.