ಅಕ್ಕನೂ ಗೇಟಿನ ಹೊರಗೆ

ಬಟ್ಟೆ ಕಾರ್ಖಾನೆಯಲ್ಲಿ ದಿನವಿಡೀ ನಿಂತೇ ದಾರ ಕತ್ತರಿಸುವ ಹೆಂಗಸರು, ಕೂತು ಕೆಲಸ ಮಾಡಲು ಸ್ಟೂಲು ಕೊಡಿ ಎಂದು ಮುಷ್ಕರ ಹೂಡಿದ್ದರು. ಮುಂದಾಳು ತಂಗಿ. ಅವಳ ಒಡಹುಟ್ಟಿದ ಅಕ್ಕ ಅಲ್ಲೇ ಸೂಪರ್‌ವೈಸರ್. ಅವಳು ಮಾತ್ರ ತಲೆ ತಗ್ಗಿಸಿಕೊಂಡು ಗೇಟು ದಾಟಿ ಒಳಗೆ ಹೋಗುತ್ತಿದ್ದಳು. ಇಬ್ಬರದೂ ಒಂದೇ ಮನೆ, ಮಾತು ಮಾತ್ರ ನಿಂತಿತ್ತು. ಕೂಗಿ ಕೂಗಿ ಗಂಟಲು ಕಟ್ಟಿದ್ದ ತಂಗಿಗೆ ಜಗಳಕ್ಕೂ ತ್ರಾಣವಿರಲಿಲ್ಲ.

ಒಂದು ಸಂಜೆ ಅಕ್ಕ ಬಂದವಳೇ ಹೊಸ್ತಿಲ ಮೇಲೆ ಕುಸಿದಳು. ಕಾಲು ಬಾತುಕೊಂಡಿತ್ತು.

"ಜನ ಇಲ್ಲ ಅಂತ ನನ್ನ ಕೈಗೇ ಕತ್ತರಿ ಕೊಟ್ಟು ನಿಲ್ಲಿಸಿದ್ರು ಕಣೇ. ದಿನಾ ಹೇಗೆ ನಿಲ್ತೀರೇ ನೀವು?"

"ನನಗ್ಯಾಕೆ ಹೇಳ್ತೀಯ? ನಿಮ್ಮ ಮ್ಯಾನೇಜರಿಗೆ ಹೇಳು."

"ಹೇಳ್ದೆ. ನಾಳೆಯಿಂದ ನೀನೂ ಬರಬೇಡ ಅಂದ್ರು."

ತಂಗಿ ಬಿಸಿನೀರು ತಂದು ಅಕ್ಕನ ಪಾದ ಅದರಲ್ಲಿ ಇಳಿಸಿದಳು.

ಮಾರನೇ ಬೆಳಿಗ್ಗೆ ಗೇಟಿನ ಮುಂದೆ ಅಕ್ಕನನ್ನು ಕಂಡು ಹೆಂಗಸರು ಮುಖ ತಿರುಗಿಸಿದರು. ತಂಗಿ ಸರಿದು ಜಾಗ ಮಾಡಿಕೊಟ್ಟಳು.

ಕೊನೆಗೆ ಮಾಲೀಕರು ಸ್ಟೂಲು ತರಿಸಿದರು. ಅಕ್ಕನೊಬ್ಬಳನ್ನು ಬಿಟ್ಟು ಎಲ್ಲರನ್ನೂ ಕೆಲಸಕ್ಕೆ ಕರೆದರು.

"ಹೋಗೇ, ಒಳಗೆ ಹೋಗಿ ಕೂತ್ಕೋ. ನಂಗೆ ಬೇರೆ ಕಡೆ ಎಲ್ಲಾದ್ರೂ ಸಿಗುತ್ತೆ," ಎಂದು ಅಕ್ಕನೇ ಕಳಿಸಿಕೊಟ್ಟಳು.

ತಂಗಿ ಹೋಗಿ ಕೂತಳು. "ಗೆದ್ವಲ್ಲೇ!" ಎಂದು ಪಕ್ಕದವಳು ನಕ್ಕಾಗ ತಾನೂ ನಗಲು ನೋಡಿದಳು. ಆಗಲಿಲ್ಲ.