ಸುಣ್ಣದ ಗುರುತು

“ಮತ್ತ ತೂತು ಬಿತ್ತಲೇ!” ಎಂದು ಹೊನ್ನೂರಪ್ಪ ಕೈಯಲ್ಲಿದ್ದ ವೆಲ್ಡಿಂಗ್ ರಾಡನ್ನು ಅಂಗಳಕ್ಕೆ ಎಸೆದ.

ಒಲೆಯ ಮುಂದಿದ್ದ ಯಮನೂರಮ್ಮ ತಿರುಗಿಯೂ ನೋಡಲಿಲ್ಲ. ನೋಡಿ ನೋಡಿ ಸಾಕಾಗಿಹೋಗಿತ್ತು. ಬಚ್ಚಲಿಗೊಂದು ಬಾಗಿಲು ಬೇಕೆಂದು ಗಂಡನ ಬೆನ್ನು ಹತ್ತಿದ್ದು ದೀಪಾವಳಿಗೆ. ಈಗ ಯುಗಾದಿ ಬಂತು. ಯಲಬುರ್ಗಾಕ್ಕೆ ಬಾಗಿಲು ತರಲು ಹೋದ ಈ ಪುಣ್ಯಾತ್ಮ ಹಳೆಯ ವೆಲ್ಡಿಂಗ್ ಮಷೀನು ಹೊತ್ತು ತಂದಿದ್ದ. ತಾನೇ ಮಾಡುತ್ತಾನಂತೆ! ಅಂದಿನಿಂದ ಮನೆ ತುಂಬ ಹೊಗೆ, ಬಾಗಿಲು ಮಾತ್ರ ಇಲ್ಲ. ಅವಳು ಇನ್ನೂ ಬೆಳಕು ಹರಿಯುವ ಮೊದಲೇ, ಗಾಳಿಗೆ ಹಾರುವ ಹಳೆ ಸೀರೆಯ ಮರೆಯನ್ನು ಒಂದು ಕೈಯಲ್ಲಿ, ತಂಬಿಗೆಯನ್ನು ಇನ್ನೊಂದು ಕೈಯಲ್ಲಿ ಹಿಡಿದು ಮೈ ತೊಳೆಯಬೇಕು.

ಮಷೀನಿಗೊಂದು ಹಿಡಿಕೆ. ಅದನ್ನು ತಿರುವಿದಂತೆ ಮುಳ್ಳು ಸರಿದು ಕರೆಂಟು ಏರುತ್ತದೆ, ಇಳಿಯುತ್ತದೆ. ಕಡಿಮೆಯಾದರೆ ರಾಡು ಕಬ್ಬಿಣಕ್ಕೆ ಕಚ್ಚಿಕೊಳ್ಳುತ್ತದೆ; ಹೆಚ್ಚಾದರೆ ತೆಳು ತಗಡು ಕರಗಿ ತೂತು. ಬೆಳಿಗ್ಗೆ ಬೆಸುಗೆ ಚೆನ್ನಾಗಿ ಹತ್ತಿದಾಗ ಹೊನ್ನೂರಪ್ಪ ಮುಳ್ಳಿದ್ದ ಜಾಗಕ್ಕೆ ತಂಬಾಕಿನ ಡಬ್ಬಿಯ ಸುಣ್ಣ ಹಚ್ಚಿಟ್ಟಿದ್ದ.

“ಮುಳ್ಳು ಗುರ್ತಿಗೇ ಇಟ್ಟೀನಿ. ಮುಂಜಾನಿ ಛಲೋ ಹತ್ತಿತ್ತು. ಮಷೀನ ಕೆಟ್ಟೈತಿ.”

“ಮಷೀನ ಅಲ್ಲ, ನನ್ನ ನಸೀಬ ಕೆಟ್ಟೈತಿ!” ಅವಳು ಎದ್ದೇಬಿಟ್ಟಳು. “ಮುಂಜಾನಿ ಹೊಲದಾಗ ಎಲ್ಲಾರ ಮೋಟಾರ ನಡದಿದ್ವು, ಬಲ್ಬ್ ಮಿಣಿಮಿಣಿ ಅಂತಿತ್ತು. ಈಗ ತ್ರೀ ಫೇಸ್ ತಗದಾರ, ಮೋಟಾರ ಎಲ್ಲಾ ನಿಂತಾವ. ಬಲ್ಬ್ ನೋಡ್ರಿ, ಹೆಂಗ ಉರಿಯಾಕತ್ತೈತಿ! ಕರೆಂಟ್ ಜೋರಾದ ಮ್ಯಾಗೂ ಅದ ಗುರ್ತಿಗೆ ಇಟ್ರ ತೂತು ಬೀಳದ ಏನಾಗ್ತೈತಿ? ಊರಿಗೆ ನೀರು ಬಿಡಾವ್ರು ನೀವು. ತ್ರೀ ಫೇಸ್ ಯಾವಾಗ ಹೋಗ್ತೈತಿ ಅಂತ ನಿಮಗ ನಾ ಹೇಳಬೇಕಾ?”

ಪಂಚಾಯ್ತಿಯ ನೀರಗಂಟಿ ಹೊನ್ನೂರಪ್ಪ ಬಲ್ಬು ನೋಡಿದ, ಸುಣ್ಣ ನೋಡಿದ. ಮೀಸೆಯಡಿ ಏನೋ ಗೊಣಗಿ ಹಿಡಿಕೆಗೆ ಕೈ ಹಾಕಿದ.

“ಮತ್ತ ನೀನ ನಿಂತು ಹೇಳು.”

“ಇಳಸ್ರಿ. ಇನ್ನ ಸ್ವಲ್ಪ. ಹಾಂ, ಈಗ ಹಚ್ರಿ.”

ಬೆಸುಗೆ ಹತ್ತಿತು. ಹೆಂಚಿನ ಮೇಲೆ ರೊಟ್ಟಿ ಸೀದು ಕರಕಾಯಿತು. ಅವಳು ಹಣೆ ಬಡಿದುಕೊಂಡಳು.

ಮರುದಿನ ಮಧ್ಯಾಹ್ನ, ಕೇರಿಯೆಲ್ಲ ಎಚ್ಚರವಿರುವ ಹೊತ್ತಿನಲ್ಲೇ, ಅವಳು ಬಚ್ಚಲಿಗೆ ಹೋಗಿ ಹೊಸ ಬಾಗಿಲಿನ ಚಿಲಕ ಹಾಕಿದಳು. ಬಾಗಿಲಿನ ತೂತುಗಳಿಂದ ಬಿಸಿಲು ಒಳಗೆ ಬಿದ್ದಿತ್ತು. ಬೈದುಕೊಳ್ಳುತ್ತಲೇ ನೆನೆದ ಸಾಬೂನು ಚಿವುಟಿ ಒಂದೊಂದನ್ನೂ ಮುಚ್ಚಿದಳು.

“ಹೆಂಗೈತಿ ಬಾಗಲಾ?” ಹೊರಗಿನಿಂದ ಹೊನ್ನೂರಪ್ಪ ಕೇಳಿದ.

ಅವಳು ತುಂಬಿದ ಕೊಡವನ್ನು ಎರಡೂ ಕೈಯಿಂದ ಎತ್ತಿ ತಲೆಯ ಮೇಲೆ ಸುರಿದುಕೊಂಡಳು.